ಕ್ವಾಟ್ರೊಪೋರ್ಟೆ: ಡುಯೋಸೆಲೆಕ್ಟ್ ತಗೋಬೇಕಾ, ಆಟೋಮ್ಯಾಟಿಕ್ ತಗೋಬೇಕಾ?

ಮ್ಯೂನಿಕ್_ಮಂಜ

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್ ಕ್ವಾಟ್ರೊಪೋರ್ಟೆ, ಇಟಲಿಯ ಮಸೆರಾಟಿ ಕಂಪನಿಯ ದೊಡ್ಡ ಸೆಡಾನ್, ತಗೊಳ್ಳುವ ಯೋಚನೆ ಇದೆ. ಐದನೇ ತಲೆಮಾರಿನದು, ಅಂದರೆ 2003ರ ಫ್ರಾಂಕ್‌ಫರ್ಟ್ ಶೋನಲ್ಲಿ ಬಂದ, ಪಿನಿನ್‌ಫರೀನಾ ಅನ್ನೋ ಇಟಲಿಯ ವಿನ್ಯಾಸ ಸಂಸ್ಥೆ ರೂಪಿಸಿದ್ದು. ನಮ್ಮ ಊರಿನ ಸುತ್ತಮುತ್ತ ಎರಡು ಗಾಡಿ ಕಣ್ಣಿಗೆ ಬಿದ್ದಿವೆ. ಒಂದು 2005ರದು, ಡುಯೋಸೆಲೆಕ್ಟ್ ಗೇರ್‌ಬಾಕ್ಸ್. ಇನ್ನೊಂದು 2008ರದು, ಆಟೋಮ್ಯಾಟಿಕ್. ಎರಡಕ್ಕೂ ಅದೇ 4.2 ಲೀಟರ್ ವಿ8, 400 ಎಚ್‌ಪಿ. ಆದರೆ ಡುಯೋಸೆಲೆಕ್ಟ್ ಗಾಡಿ ಅನುಮಾನ ಬರುವಷ್ಟು ಅಗ್ಗ.

ದಿನಾ ಆಫೀಸಿಗೆ ಓಡಿಸೋಕೆ ಅಲ್ಲ, ಅದಕ್ಕೆ ಟ್ರೈನ್ ಇದೆ. ವಾರಾಂತ್ಯದಲ್ಲಿ ಆಲ್ಪ್ಸ್‌ನ ಬ್ರೆನ್ನರ್ ಕಣಿವೆ ದಾಟಿ ಇಟಲಿ ಕಡೆ ಹೋಗಿ ಬರೋಕೆ. ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳು ಆರಾಮಾಗಿ ಕೂರಬೇಕು. ಮನೆಯವಳು "ಐದು ಮೀಟರ್ ಉದ್ದದ ಕಾರು ಎಲ್ಲಿ ನಿಲ್ಲಿಸ್ತೀರಿ" ಅಂತ ಕೇಳ್ತಿದ್ದಾಳೆ, ಅದಕ್ಕೆ ಉತ್ತರ ಆಮೇಲೆ ಹುಡುಕೋಣ. ಮೊದಲು ಗೇರ್‌ಬಾಕ್ಸ್ ವಿಷಯ ಹೇಳಿ.

ಕೆಂಗೇರಿ_ಕ್ಲಚ್

ಆಟೋಮ್ಯಾಟಿಕ್. ಮುಂದಿನ ಪ್ರಶ್ನೆ?

ಗೇರ್_ಗೌಡ

ಇಷ್ಟು ಬೇಗ ತೀರ್ಪು ಕೊಟ್ಟರೆ ಹೇಗೆ ಗುರೂ. ಎರಡೂ ಬೇರೆ ಬೇರೆ ಕಾರು ಅನ್ನುವಷ್ಟು ವ್ಯತ್ಯಾಸ ಇದೆ.

ಡುಯೋಸೆಲೆಕ್ಟ್ ನಿಜವಾದ ಆಟೋಮ್ಯಾಟಿಕ್ ಅಲ್ಲ. ಒಳಗಿರೋದು ಮಾಮೂಲಿ ಆರು ಸ್ಪೀಡ್ ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಪೆಡಲ್ ತೆಗೆದು, ಆ ಕೆಲಸಕ್ಕೆ ಹೈಡ್ರಾಲಿಕ್ ಪಂಪ್ ಇಟ್ಟಿದ್ದಾರೆ. ಕ್ಲಚ್ ಒತ್ತೋದು, ಗೇರ್ ಬದಲಿಸೋದು, ಕ್ಲಚ್ ಬಿಡೋದು ಎಲ್ಲ ಅದೇ ಮಾಡುತ್ತದೆ. ಸ್ಟಿಯರಿಂಗ್ ಹಿಂದೆ ಪ್ಯಾಡಲ್ ಇರುತ್ತವೆ. ಗೇರ್‌ಬಾಕ್ಸ್ ಇಂಜಿನ್ ಪಕ್ಕದಲ್ಲಿಲ್ಲ, ಹಿಂದಿನ ಆಕ್ಸಲ್ ಹತ್ತಿರ ಇದೆ. ಇಂಜಿನ್ ಕೂಡ ಮುಂದಿನ ಆಕ್ಸಲ್‌ಗಿಂತ ಹಿಂದಕ್ಕೆ ಸರಿದು ಕೂತಿದೆ. ಹಾಗಾಗಿ ತೂಕ ಮುಂದೆ 47%, ಹಿಂದೆ 53%. ಐದು ಮೀಟರ್ ದಾಟಿದ ಸೆಡಾನ್‌ನಲ್ಲಿ ಇಂಥ ಹಂಚಿಕೆ ಅಪರೂಪ. ತಿರುವಿನಲ್ಲಿ ಮೂಗು ಭಾರ ಅನಿಸೋದೇ ಇಲ್ಲ.

2007ರಲ್ಲಿ ಜೆಡ್‌ಎಫ್ ಕಂಪನಿಯ ಆರು ಸ್ಪೀಡ್ ಆಟೋಮ್ಯಾಟಿಕ್ ಬಂತು. ಅದನ್ನು ಹಿಂದೆ ಕೂರಿಸಲಿಲ್ಲ, ಇಂಜಿನ್ ಬೆನ್ನಿಗೇ ಕೂರಿಸಿದರು. ತೂಕ 49/51 ಆಯಿತು. ಆಯಿಲ್ ವ್ಯವಸ್ಥೆಯೂ ಬದಲಾಯಿತು. ಮೊದಲಿನದು ಡ್ರೈ ಸಂಪ್, ಅಂದರೆ ಆಯಿಲ್‌ಗೆ ಬೇರೆ ಟ್ಯಾಂಕ್; ಆಟೋಮ್ಯಾಟಿಕ್‌ನದು ವೆಟ್ ಸಂಪ್, ಆಯಿಲ್ ಇಂಜಿನ್ ತಳದಲ್ಲೇ. ಬಾನೆಟ್ ಎತ್ತಿ ನೋಡಿದರೆ ಗೊತ್ತಾಗುತ್ತದೆ: ಡುಯೋಸೆಲೆಕ್ಟ್‌ನ ಇಂಜಿನ್ ಕವರ್ ಕೆಂಪು, ಆಟೋಮ್ಯಾಟಿಕ್‌ನದು ನೀಲಿ.

ಕೆಂಗೇರಿ_ಕ್ಲಚ್

ಇಷ್ಟೆಲ್ಲ ಹೇಳಿ ಕೊನೆಗೆ ಯಾವುದು ತಗೋಬೇಕು ಅಂತ ಹೇಳಲೇ ಇಲ್ಲ 😄

ಗೇರ್_ಗೌಡ

ಟ್ರಾಫಿಕ್‌ನಲ್ಲಿ ಓಡಿಸೋದಾದರೆ ಆಟೋಮ್ಯಾಟಿಕ್. ಡುಯೋಸೆಲೆಕ್ಟ್‌ನಲ್ಲಿ ಇಂಚಿಂಚು ಮುಂದಕ್ಕೆ ಹೋಗುವಾಗ ಕ್ಲಚ್ ಅರ್ಧ ಹಿಡಿದೇ ಇರುತ್ತದೆ, ಸವೆಯುತ್ತದೆ. ಏರಿನಲ್ಲಿ ರಿವರ್ಸ್ ತಗೊಂಡರಂತೂ ಮುಗಿಯಿತು.

ಹಳೇಗಾಡಿ_ಹುಚ್ಚ

ಎಲ್ಲರೂ ಡುಯೋಸೆಲೆಕ್ಟ್‌ಗೆ ಬೈಯೋದು ಓಡಿಸೋಕೆ ಬರದೇ ಇರೋದಕ್ಕೆ. ಆಟೋ ಮೋಡ್‌ನಲ್ಲಿ ಹಾಕಿ ಕೈ ಕಟ್ಟಿ ಕೂತರೆ ತಲೆ ಮುಂದಕ್ಕೆ ಹಿಂದಕ್ಕೆ ತೂಗುತ್ತದೆ, ನಿಜ. ಪ್ಯಾಡಲ್ ಎಳೆಯುವಾಗ ಆಕ್ಸಲರೇಟರ್‌ನಿಂದ ಕಾಲು ಒಂಚೂರು ಎತ್ತಿ. ಸಿಗ್ನಲ್‌ನಲ್ಲಿ ನ್ಯೂಟ್ರಲ್‌ಗೆ ಹಾಕಿ. ಅಷ್ಟೇ. ನಾವೆಲ್ಲ ಮ್ಯಾನುಯಲ್ ಗಾಡಿ ಕಲಿತವರು ತಾನೇ, ಕ್ಲಚ್ ಮೇಲೆ ಕಾಲಿಟ್ಟು ಓಡಿಸಬೇಡ ಅಂತ ಡ್ರೈವಿಂಗ್ ಸ್ಕೂಲ್ ಮೇಷ್ಟ್ರು ಬೈದಿರಲಿಲ್ವಾ?

ಇನ್ನೊಂದು ಮಾತು. ಮೊದಲ ಮೂರ್ನಾಲ್ಕು ವರ್ಷದ ಕಾರೇ ವಿನ್ಯಾಸಕಾರ ಮತ್ತು ಇಂಜಿನಿಯರ್ ಇಬ್ಬರ ಮನಸ್ಸಿನಲ್ಲಿದ್ದ ಕಾರು. ಆಟೋಮ್ಯಾಟಿಕ್ ಬಂದಿದ್ದು ಅಮೆರಿಕದ ಗಿರಾಕಿಗಳಿಗೋಸ್ಕರ. ಡೆಟ್ರಾಯಿಟ್ ಶೋನಲ್ಲೇ ತೋರಿಸಿದರು, ಸುಮ್ನೆ ಅಲ್ಲ.

ಡೆಟ್ರಾಯಿಟ್_ಡೈರಿ

ಅಮೆರಿಕದವರನ್ನ ಯಾಕೆ ಎಳೀತೀರಿ ಮಾರಾಯ್ರೆ. ಚಳಿಗಾಲದಲ್ಲಿ ಮೂವತ್ತು ಮೈಲಿ ಟ್ರಾಫಿಕ್‌ನಲ್ಲಿ ಆ ಗೇರ್‌ಬಾಕ್ಸ್ ಇಟ್ಕೊಂಡು ನೀವು ಒಂದು ದಿನ ಬಂದು ಓಡಿಸಿ ತೋರಿಸಿ. ನಾನೂ ಆಟೋಮ್ಯಾಟಿಕ್ ಕಡೆ.

ರೇಖಾ_ಆರ್

ಒಂದು ಸಣ್ಣ ಪ್ರಶ್ನೆ. ಇದಕ್ಕೆ ಫೆರಾರಿ ಇಂಜಿನ್ ಅಂತಾರಲ್ಲ, ಮಾರಾಟಕ್ಕೆ ಹೇಳೋ ಮಾತಾ ಅಥವಾ ನಿಜಾನಾ?

ಗೇರ್_ಗೌಡ

ನಿಜ ಮೇಡಂ. ಎಫ್136 ಕುಟುಂಬದ ಇಂಜಿನ್, ಜೋಡಿಸುತ್ತಿದ್ದದ್ದು ಫೆರಾರಿಯ ಊರು ಮರನೆಲ್ಲೊದಲ್ಲಿ. ಫೆರಾರಿ ಎಫ್430ಗೂ ಇದೇ ಕುಟುಂಬದ ಇಂಜಿನ್. ಆದರೆ ಕ್ರ್ಯಾಂಕ್‌ಶಾಫ್ಟ್ ಬೇರೆ. ಫೆರಾರಿಗೆ ಫ್ಲಾಟ್ ಪ್ಲೇನ್ (ಕ್ರ್ಯಾಂಕ್‌ನ ತೋಳುಗಳು ಒಂದೇ ಸಮತಲದಲ್ಲಿ), ಮಸೆರಾಟಿಗೆ ಕ್ರಾಸ್ ಪ್ಲೇನ್ (ಅಡ್ಡಡ್ಡ, ಶಿಲುಬೆ ಆಕಾರದಲ್ಲಿ). ಅದಕ್ಕೇ ಫೆರಾರಿ ಕಿರುಚುತ್ತದೆ, ಇದು ಕೆಳಗಿನ ಆರ್‌ಪಿಎಂನಲ್ಲಿ ಗುರುಗುಟ್ಟಿ ಮೇಲೆ ಹೋದ ಹಾಗೆ ಹಾಡುತ್ತದೆ. ಟೈಮಿಂಗ್ ಬೆಲ್ಟ್ ಇಲ್ಲ, ಚೈನ್. ಹಳೇ ಫೆರಾರಿಗಳ ಬೆಲ್ಟ್ ಬದಲಾಯಿಸುವ ಖರ್ಚು ಇದಕ್ಕಿಲ್ಲ.

ಶಿವಮೊಗ್ಗ_ಸ್ಪೀಡ್

ಐದನೆಯದು ಅಂತಿದೀರಲ್ಲ, ಇದಕ್ಕಿಂತ ಮೊದಲು ನಾಲ್ಕು ಇದ್ವಾ? ನಾನು 2003ರದೇ ಮೊದಲನೆಯದು ಅಂದುಕೊಂಡಿದ್ದೆ.

ಟೊರಿನೊ_ಕನ್ನಡಿಗ

ಇದ್ವಾ ಅಂತ ಕೇಳ್ತೀರಾ! ಕೂತುಕೊಳ್ಳಿ, ಹೇಳ್ತೀನಿ.

ಮೊದಲನೆಯದು 1963ರಲ್ಲಿ, ಇದೇ ನಮ್ಮ ಟುರಿನ್ ಶೋನಲ್ಲಿ. ಆಗ ಕಂಪನಿ ಓರ್ಸಿ ಕುಟುಂಬದ ಕೈಯಲ್ಲಿತ್ತು. ಇಂಜಿನಿಯರ್ ಜೂಲಿಯೊ ಆಲ್ಫಿಯೇರಿ. ಅವರ ಹತ್ತಿರ ಒಂದು ರೇಸ್ ಇಂಜಿನ್ ಇತ್ತು, 450ಎಸ್ ರೇಸ್ ಕಾರಿನ ವಿ8. ಅದೇ ವಂಶದ ಇಂಜಿನ್ನು 5000 ಜಿಟಿ ಅನ್ನೋ ದುಬಾರಿ ಕೂಪೆಗೆ ಹೋಯಿತು. ಆ ಕೂಪೆಯಲ್ಲಿ ಒಂದನ್ನು ವಿನ್ಯಾಸಕಾರ ಪಿಯೆತ್ರೊ ಫ್ರೂವಾ ಆಗಾಖಾನ್‌ಗೆ ಅಂತ ಮಾಡಿಕೊಟ್ಟಿದ್ದರು. ಅದೇ ಫ್ರೂವಾ, ಅದೇ ಮೂಗು, ನಾಲ್ಕು ಬಾಗಿಲು ಸೇರಿಸಿದರೆ ಮೊದಲ ಕ್ವಾಟ್ರೊಪೋರ್ಟೆ. 4.1 ಲೀಟರ್, ನಾಲ್ಕು ಕ್ಯಾಮ್‌ಶಾಫ್ಟ್, 260 ಎಚ್‌ಪಿ, ಗಂಟೆಗೆ 230 ಕಿ.ಮೀ. 1963ರಲ್ಲಿ! ಸೋವಿಯತ್ ನಾಯಕ ಬ್ರೆಜ್ನೆವ್ ಹತ್ತಿರ ಒಂದಿತ್ತು, ನಟ ಮಾರ್ಚೆಲ್ಲೊ ಮಾಸ್ಟ್ರೊಯಾನಿ ಹತ್ತಿರ ಒಂದಿತ್ತು. ಆಮೇಲೆ 4.7 ಇಂಜಿನ್ ಕೂಡ ಬಂತು. ಎಲ್ಲ ಸೇರಿ ಏಳುನೂರ ಚಿಲ್ಲರೆ ಕಾರು ಅಷ್ಟೇ.

ತಮಾಷೆ ಏನು ಗೊತ್ತಾ? ಮೊದಲ ಸರಣಿಗೆ ಹಿಂದೆ ಡಿ ಡಿಯೋನ್ ಆಕ್ಸಲ್ ಇತ್ತು, ಒಳ್ಳೇ ತಂತ್ರಜ್ಞಾನ. 1966ರಲ್ಲಿ ಅದನ್ನು ತೆಗೆದು ಸಾದಾ ಗಟ್ಟಿ ಆಕ್ಸಲ್, ಲೀಫ್ ಸ್ಪ್ರಿಂಗ್ ಹಾಕಿದರು. ಹೌದು, ಲಾರಿ ಅಡಿ ಇರುತ್ತಲ್ಲ, ಅದೇ ಪಟ್ಟೆ.

ಶಿವಮೊಗ್ಗ_ಸ್ಪೀಡ್

ಲೀಫ್ ಸ್ಪ್ರಿಂಗ್ ಇಟ್ಟು 230?? ದೇವರೇ ಕಾಪಾಡಬೇಕು.

ಹಳೇಗಾಡಿ_ಹುಚ್ಚ

ಎರಡನೆಯದರ ಕಥೆ ನಾನು ಹೇಳ್ತೀನಿ, ಅದು ನನ್ನ ಇಷ್ಟದ ದುರಂತ. 1968ರಲ್ಲಿ ಫ್ರಾನ್ಸ್‌ನ ಸಿಟ್ರೊಯೆನ್ ಕಂಪನಿ ಮಸೆರಾಟಿಯನ್ನು ಕೈಗೆ ತಗೊಂಡಿತು. ಸಿಟ್ರೊಯೆನ್‌ಗೆ ಬೇಕಿದ್ದದ್ದು ತನ್ನ ಎಸ್‌ಎಂ ಕಾರಿಗೆ ಒಂದು ವಿ6. ಅದು ಸಿಕ್ಕಿತು. ಆಮೇಲೆ ಆ ಎಸ್‌ಎಂನ ತಳವನ್ನೇ ಉದ್ದ ಮಾಡಿ, ಬೆರ್ಟೊನೆ ಅನ್ನೋ ವಿನ್ಯಾಸ ಸಂಸ್ಥೆಯಲ್ಲಿದ್ದ ಮಾರ್ಚೆಲ್ಲೊ ಗಾಂಡಿನಿ ಕೈಯಲ್ಲಿ ಬಾಡಿ ಬರೆಸಿ, 1974ರ ಪ್ಯಾರಿಸ್ ಶೋನಲ್ಲಿ ಕ್ವಾಟ್ರೊಪೋರ್ಟೆ ಎರಡು ಅಂತ ನಿಲ್ಲಿಸಿದರು. ಇಂಜಿನ್ ಬಲ ಮುಂದಿನ ಚಕ್ರಕ್ಕೆ ಹೋಗುವ ಗಾಡಿ. ಸಸ್ಪೆನ್ಷನ್ ಸಿಟ್ರೊಯೆನ್‌ನ ಹೈಡ್ರೊನ್ಯೂಮ್ಯಾಟಿಕ್, ಅಂದರೆ ಸ್ಪ್ರಿಂಗ್ ಬದಲು ಗ್ಯಾಸ್ ಮತ್ತು ಆಯಿಲ್. ಮೂರು ಲೀಟರ್ ವಿ6.

ಅಷ್ಟರಲ್ಲಿ ತೈಲ ಬಿಕ್ಕಟ್ಟು ಬಂದು ಸಿಟ್ರೊಯೆನ್ನೇ ಮುಳುಗುತ್ತಿತ್ತು. 1975ರಲ್ಲಿ ಮಸೆರಾಟಿಯನ್ನು ಕೈಬಿಟ್ಟರು. ಯುರೋಪಿನಲ್ಲಿ ಮಾರೋಕೆ ಅನುಮತಿ ಕೂಡ ಸಿಗಲಿಲ್ಲ. ತಯಾರಾಗಿದ್ದು 13 ಕಾರು. ಹದಿಮೂರು!

ಕೆಂಗೇರಿ_ಕ್ಲಚ್

ಮಂಜಣ್ಣ, ಎರಡನೆಯದು ತಗೊಳ್ಳಿ. ಕ್ಲಬ್ ಮೀಟಿಂಗ್‌ಗೆ ಒಂದೇ ಮೇಜು ಸಾಕು.

ಮ್ಯೂನಿಕ್_ಮಂಜ

ಆ 13ರಲ್ಲಿ ಒಂದು ಸಿಕ್ಕರೂ ನನ್ನ ಮನೆ ಮಾರಬೇಕು. ಮುಂದುವರಿಸಿ, ಮಜಾ ಬರ್ತಿದೆ. ಗೇರ್‌ಬಾಕ್ಸ್ ಮಾತ್ರ ಮರೀಬೇಡಿ.

ಟೊರಿನೊ_ಕನ್ನಡಿಗ

ಆಮೇಲೆ ಬಂದವರು ಅರ್ಜೆಂಟೀನಾದ ಅಲೆಹಾಂದ್ರೊ ಡಿ ತೊಮಾಸೊ. ಇಟಲಿ ಸರ್ಕಾರದ ಸಂಸ್ಥೆ ಜೆಪಿ ಜೊತೆ ಸೇರಿ ಕಂಪನಿ ಹಿಡಿದರು. 1979ರಲ್ಲಿ ಮೂರನೆಯದು. ಈ ಸಲ ವಿನ್ಯಾಸ ಜುಜಾರೊ ಅವರದ್ದು. ವಿ8 ವಾಪಸ್ ಬಂತು, 4.2 ಮತ್ತು 4.9. ಹಿಂದಿನ ಚಕ್ರಕ್ಕೆ ಬಲ ಕೊಡುವ ಪದ್ಧತಿಯೂ ವಾಪಸ್ ಬಂತು. ತಳ ಮಾತ್ರ ಡಿ ತೊಮಾಸೊ ಕಾರುಗಳ ವಂಶದ್ದು. ಕಂಪನಿ ಸೊಸೆ ಇದ್ದ ಹಾಗೆ, ಹೋದ ಮನೆಯ ಅಡುಗೆ ಕಲಿಯಲೇಬೇಕು. ಸಿಟ್ರೊಯೆನ್ ಮನೆಯಲ್ಲಿ ಒಂದು ರುಚಿ, ಡಿ ತೊಮಾಸೊ ಮನೆಯಲ್ಲಿ ಇನ್ನೊಂದು, ಫೆರಾರಿ ಮನೆಯಲ್ಲಿ ಮತ್ತೊಂದು.

ಇಟಲಿಯ ಅಧ್ಯಕ್ಷ ಸಾಂದ್ರೊ ಪೆರ್ತೀನಿ ಓಡಾಡಿದ್ದು ಇದೇ ಮೂರನೆಯದರಲ್ಲಿ. 1983ರಲ್ಲಿ ಅವರು ಮರನೆಲ್ಲೊಗೆ ಫೆರಾರಿ ಕಾರ್ಖಾನೆ ನೋಡಲು ಹೋದಾಗ ಕೂತಿದ್ದು ಮಸೆರಾಟಿಯಲ್ಲಿ. ಎಂಜೊ ಫೆರಾರಿ ಆ ಕಾರಿನ ಹತ್ತಿರಕ್ಕೇ ಬರಲಿಲ್ಲ ಅಂತ ಇಲ್ಲಿಯ ಜನ ಇವತ್ತಿಗೂ ಹೇಳಿ ನಗ್ತಾರೆ. ಇಪ್ಪತ್ತು ವರ್ಷ ಬಿಟ್ಟು ನೋಡಿದರೆ ಅದೇ ಮರನೆಲ್ಲೊದಲ್ಲಿ ಅದೇ ಹೆಸರಿನ ಕಾರಿಗೆ ಇಂಜಿನ್ ಜೋಡಿಸ್ತಿದ್ದರು.

ರೇಖಾ_ಆರ್

ಸೊಸೆ ಮಾತು ಬಿಡಿ ಸರ್, ಈಗ ಅಡುಗೆ ಅಳಿಯಂದಿರೂ ಕಲೀಬೇಕು. ಪೆರ್ತೀನಿ ಕಥೆ ಮಾತ್ರ ಸೂಪರ್.

ಗೇರ್_ಗೌಡ

ನಾಲ್ಕನೆಯದನ್ನು ಎಲ್ಲರೂ ಹಾರಿಸಿಬಿಡ್ತಾರೆ, ಅದು ಅನ್ಯಾಯ. 1994, ಮತ್ತೆ ಗಾಂಡಿನಿ. ಹಿಂದಿನ ಚಕ್ರದ ಮೇಲಿನ ಕಮಾನು ಓರೆಯಾಗಿ ಕತ್ತರಿಸಿರುತ್ತದೆ, ಅದು ಅವರ ಸಹಿ ಇದ್ದ ಹಾಗೆ. ಉದ್ದ 4.55 ಮೀಟರ್ ಮಾತ್ರ. ಕೊನೆಗೆ ಬಂದ ಆರನೆಯದು 5.26 ಮೀಟರ್. ಒಂದೇ ಹೆಸರು, ಎಪ್ಪತ್ತು ಸೆಂಟಿಮೀಟರ್ ವ್ಯತ್ಯಾಸ!

ಮಸೆರಾಟಿಯದೇ ಹಳೇ ಬಿಟುರ್ಬೊ ಕಾರುಗಳ ತಳದ ಮೇಲೆ ಕಟ್ಟಿದ್ದು. ಇಟಲಿಗೆ 2.0 ಲೀಟರ್ ಅವಳಿ ಟರ್ಬೊ ವಿ6, ಹೊರದೇಶಕ್ಕೆ 2.8. ಮುಂದೆ 3.2 ಲೀಟರ್ ಅವಳಿ ಟರ್ಬೊ ವಿ8, 336 ಎಚ್‌ಪಿ. ಚಿಕ್ಕ 2.0 ಇಂಜಿನ್ 287 ಎಚ್‌ಪಿ ಕೊಡ್ತಿತ್ತು, ದೊಡ್ಡ 2.8 ಕೊಡ್ತಿದ್ದದ್ದು 284.

1997ರಲ್ಲಿ ಫೆರಾರಿ ಅರ್ಧ ಪಾಲು ತಗೊಂಡಿತು. ಮರುವರ್ಷ ಇವೊಲುಜಿಯೋನೆ ಅಂತ ಸುಧಾರಿಸಿದ ಮಾದರಿ ಬಂತು. ಗುಣಮಟ್ಟ ಮೇಲಾಯಿತು. ಆದರೆ ಡ್ಯಾಶ್‌ಬೋರ್ಡ್ ನಡುವೆ ಇದ್ದ ಮೊಟ್ಟೆಯಾಕಾರದ ಚಿನ್ನದ ಬಣ್ಣದ ಗಡಿಯಾರ ಕಿತ್ತು ಹಾಕಿದರು. ಇದಕ್ಕೆ ಮಾತ್ರ ನನ್ನ ಕ್ಷಮೆ ಇಲ್ಲ.

ಡೆಟ್ರಾಯಿಟ್_ಡೈರಿ

ಇಟಲಿಗೆ ಮಾತ್ರ ಚಿಕ್ಕ ಇಂಜಿನ್ ಯಾಕೆ?

ಟೊರಿನೊ_ಕನ್ನಡಿಗ

ತೆರಿಗೆ. 1980ರ ದಶಕದಲ್ಲಿ ಎರಡು ಲೀಟರ್ ದಾಟಿದ ಕಾರಿಗೆ ಇಲ್ಲಿ 38% ವ್ಯಾಟ್ ಇತ್ತು. ಫೆರಾರಿ ಕೂಡ ಎರಡು ಲೀಟರ್ ಟರ್ಬೊ ಮಾಡಿ ಮಾರಿತು. ಆ ಚಾಳಿ ಮುಂದೆಯೂ ಉಳಿಯಿತು. ಆರನೆಯದಕ್ಕೆ ಡೀಸೆಲ್ ಬಂತಲ್ಲ, ಬೇರೆ ದೇಶಕ್ಕೆ 275 ಎಚ್‌ಪಿ. ಇಟಲಿಗೆ 250ರದ್ದೂ ಇಟ್ಟರು. ಯಾಕೆಂದರೆ 185 ಕಿಲೋವ್ಯಾಟ್ ದಾಟಿದರೆ ಪ್ರತಿ ಕಿಲೋವ್ಯಾಟ್‌ಗೆ ವರ್ಷಕ್ಕೆ 20 ಯೂರೋ ಹೆಚ್ಚುವರಿ ತೆರಿಗೆ. 250 ಎಚ್‌ಪಿ ಅಂದರೆ 184 ಕಿಲೋವ್ಯಾಟ್. ಲೆಕ್ಕ ನೋಡಿ!

ಕೆಂಗೇರಿ_ಕ್ಲಚ್

ನಮ್ಮಲ್ಲೇನು ಕಮ್ಮಿ? ನಾಲ್ಕು ಮೀಟರ್ ಒಳಗಿದ್ದರೆ ತೆರಿಗೆ ಕಡಿಮೆ ಅಂತ ಸೆಡಾನ್‌ಗಳ ಹಿಂಭಾಗ ಕತ್ತರಿಸಿ ಮಾರಲಿಲ್ವಾ. ದೆಹಲಿಯಲ್ಲಿ 2000 ಸಿಸಿ ಡೀಸೆಲ್‌ಗೆ ನಿಷೇಧ ಬಂದಾಗ ಮಹೀಂದ್ರಾದವರು 1.99 ಲೀಟರ್ ಇಂಜಿನ್ ತಂದರು. ತೆರಿಗೆಯವನು ಇಂಜಿನಿಯರ್‌ಗಿಂತ ದೊಡ್ಡ ವಿನ್ಯಾಸಕಾರ.

ಶಿವಮೊಗ್ಗ_ಸ್ಪೀಡ್

ಬೆಂಗಳೂರಿನಲ್ಲಿ ಈ ಗಾಡಿ ತಗೊಂಡರೆ ಮೊದಲು ಆಮದು ಸುಂಕ, ಅದರ ಮೇಲೆ ರಾಜ್ಯದ ರಸ್ತೆ ತೆರಿಗೆ. ಆಮೇಲೆ ನಮ್ಮ ಏರಿಯಾದ ಹಂಪ್ ಮೇಲೆ ತಳ ತಾಗಿಸಿ ಕೂರಬೇಕು. ಮಂಜಣ್ಣ ಅಲ್ಲೇ ಇರಲಿ ಬಿಡಿ.

ಡೆಟ್ರಾಯಿಟ್_ಡೈರಿ

ಇಷ್ಟು ಹೊತ್ತು ಯಾರೂ ಆರನೆಯದನ್ನು ಶಿಫಾರಸು ಮಾಡಲಿಲ್ಲ, ಯಾಕೆ? ಮಕ್ಕಳಿಗೆ ಜಾಗ ಜಾಸ್ತಿ, ಎಂಟು ಸ್ಪೀಡ್ ಜೆಡ್‌ಎಫ್ ಇದೆ, ಹಿಮಕ್ಕೆ ನಾಲ್ಕೂ ಚಕ್ರಕ್ಕೆ ಬಲ ಹೋಗುವ ಕ್ಯೂ4 ಕೂಡ ಇದೆ. ಜರ್ಮನಿಗೆ ಹೇಳಿ ಮಾಡಿಸಿದ ಹಾಗಿದೆ. ಜಿಟಿಎಸ್‌ನಲ್ಲಿ 3.8 ಲೀಟರ್ ಅವಳಿ ಟರ್ಬೊ ವಿ8, 530 ಎಚ್‌ಪಿ, 307 ಕಿ.ಮೀ. ವೇಗ. 2020ರ ಟ್ರೊಫೆಯೊ 580 ಎಚ್‌ಪಿ, 326 ಕಿ.ಮೀ. ಆಟೊಬಾನ್ ಪಕ್ಕದಲ್ಲಿ ಕೂತು ಗಂಟೆಗೆ 275 ಕಿ.ಮೀ. ಹೋಗುವ ಗಾಡಿ ಯಾಕೆ?

ಹಳೇಗಾಡಿ_ಹುಚ್ಚ

ಯಾಕೆಂದರೆ ಒಳಗೆ ಕೂತಾಗ ಕೈಗೆ ಸಿಗುವ ಸ್ವಿಚ್‌ಗಳು ಅದೇ ಫಿಯಾಟ್ ಗುಂಪಿನ ಅಮೆರಿಕನ್ ಕಂಪನಿ ಕ್ರೈಸ್ಲರ್‌ನವು. ಕಿಟಕಿ ಬಟನ್, ಪರದೆ ಎಲ್ಲ ಆ ಮನೆಯವೇ. ಅಷ್ಟು ದುಡ್ಡು ಕೊಟ್ಟು ಬಾಡಿಗೆ ಕಾರಿನ ಬಟನ್ ಒತ್ತಬೇಕಾ?

ಡೆಟ್ರಾಯಿಟ್_ಡೈರಿ

ಕ್ರೈಸ್ಲರ್ ಬಟನ್ ಕೆಲಸ ಮಾಡುತ್ತದೆ ಸ್ವಾಮಿ. ಹಳೇ ಇಟಾಲಿಯನ್ ಬಟನ್ ಬಿಸಿಲಿಗೆ ಕರಗಿ ಬೆರಳಿಗೆ ಅಂಟುತ್ತದೆ.

ಟೊರಿನೊ_ಕನ್ನಡಿಗ

ಇಬ್ಬರೂ ಸರಿ 😄 ಆರನೆಯದು 2013ರದು, ತಯಾರಾಗಿದ್ದು ಟುರಿನ್ ಪಕ್ಕದ ಗ್ರುಲಿಯಾಸ್ಕೊದಲ್ಲಿ. ಮೊದಲು ಅದು ಬೆರ್ಟೊನೆಯವರ ಕಾರ್ಖಾನೆ. ಆಗಿನ ಫಿಯಾಟ್ ಮುಖ್ಯಸ್ಥ ಸೆರ್ಜಿಯೊ ಮಾರ್ಕಿಯೋನೆ ವರ್ಷಕ್ಕೆ 50 ಸಾವಿರ ಮಸೆರಾಟಿ ಮಾರಬೇಕು ಅಂತ ಗುರಿ ಇಟ್ಟಿದ್ದರು. ಅದಕ್ಕೇ ಕ್ವಾಟ್ರೊಪೋರ್ಟೆಯನ್ನು ದೊಡ್ಡದು ಮಾಡಿ, ಅದರ ಕೆಳಗೆ ಚಿಕ್ಕ ಗಿಬ್ಲಿ ಸೆಡಾನ್ ತಂದರು. ಚಿಕ್ಕದು ಬಂದ ಮೇಲೆ ದೊಡ್ಡದು ಹಿಂದಿನ ಸೀಟಿನ ಯಜಮಾನರ ಕಾರಾಯಿತು. ಐದನೆಯದು ಓಡಿಸುವವನ ಕಾರು. ಅದು 25 ಸಾವಿರಕ್ಕೂ ಜಾಸ್ತಿ ಮಾರಾಟ ಆಯಿತು, ಆ ಹೆಸರಿಗೆ ಅಲ್ಲಿವರೆಗೆ ಅದೇ ದಾಖಲೆ. ಗ್ರುಲಿಯಾಸ್ಕೊ ಈಗ ಮುಚ್ಚಿದೆ. ಮುಂದಿನ ಕ್ವಾಟ್ರೊಪೋರ್ಟೆ ವಿದ್ಯುತ್ತಿನದು ಅಂತ ಹೇಳಿ ಮುಂದೂಡಿದರು. ನನ್ನ ಮಟ್ಟಿಗೆ ವಿ8 ಬೇಕೆನ್ನುವವರು ಹಳೆಯದನ್ನೇ ಹುಡುಕಬೇಕು.

ರೇಖಾ_ಆರ್

ಐದನೆಯದರ ಹಿಂದಿನ ಕಿಟಕಿ ಪಕ್ಕದ ತ್ರಿಶೂಲ, ಮುಂದಿನ ಫೆಂಡರ್ ಮೇಲಿನ ಮೂರು ಕಿಂಡಿ, ಅಷ್ಟು ಸಾಕು ನನಗೆ. ಅದನ್ನು ಬರೆದದ್ದು ಜಪಾನಿನ ಕೆನ್ ಒಕುಯಾಮಾ, ಪಿನಿನ್‌ಫರೀನಾದಲ್ಲಿದ್ದಾಗ. ಆರನೆಯದರಲ್ಲೂ ಕಿಂಡಿ ಇದೆ, ಮುಖದಲ್ಲಿ ಆ ಸೊಕ್ಕು ಇಲ್ಲ.

ಗೇರ್_ಗೌಡ

ಮಂಜಣ್ಣ, ಮೂರನೇ ದಾರಿಯೂ ಇದೆ. 2008ರಲ್ಲಿ ಬಂದ ಕ್ವಾಟ್ರೊಪೋರ್ಟೆ ಎಸ್ ನೋಡಿ. 4.7 ಲೀಟರ್, 430 ಎಚ್‌ಪಿ. ಮರುವರ್ಷದ ಸ್ಪೋರ್ಟ್ ಜಿಟಿ ಎಸ್ 440. ಎರಡೂ ಜೆಡ್‌ಎಫ್ ಆಟೋಮ್ಯಾಟಿಕ್. ಬಜೆಟ್ ಸ್ವಲ್ಪ ಎಳೆದರೆ ಅದೇ ಒಳ್ಳೇದು.

ಮ್ಯೂನಿಕ್_ಮಂಜ

ಬಜೆಟ್ ಎಳೆದರೆ ಮನೆಯಲ್ಲಿ ನನ್ನನ್ನೇ ಎಳೀತಾರೆ. 4.2ರಲ್ಲೇ ನಿಲ್ಲೋಣ. ಶನಿವಾರ ಎರಡೂ ಗಾಡಿ ನೋಡೋಕೆ ಹೋಗ್ತಿದೀನಿ. ಏನು ನೋಡಬೇಕು ಹೇಳಿ. ಹಿಂದೆ ಒಂದು ಬೇರೆ ಕಾರಿಗೆ ಹಳ್ಳಿ ಕಡೆಯ ಗ್ಯಾರೇಜಿನವರು "ಎಲ್ಲ ಸರಿ ಇದೆ" ಅಂತ ಪೇಪರ್ ಬರೆದುಕೊಟ್ಟಿದ್ದರು. ತಗೊಂಡು ಬಂದ ವಾರದಲ್ಲೇ ರೇಡಿಯೇಟರ್ ಸೋರಿತು. ಹಾಗಾಗಿ ಪೇಪರ್ ಮೇಲೆ ನಂಬಿಕೆ ಇಲ್ಲ.

ಹಳೇಗಾಡಿ_ಹುಚ್ಚ

ಮಾರುವವನಿಗೆ ಮೊದಲೇ ಫೋನ್ ಮಾಡಿ ಇಂಜಿನ್ ಬಿಸಿ ಮಾಡಿಡಬೇಡ ಅಂತ ಹೇಳಿ. ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ, ನೀವು ಬಾನೆಟ್ ಹತ್ತಿರ ನಿಂತು ಕಿವಿಗೊಡಿ. ಮೊದಲ ಕೆಲವು ಸೆಕೆಂಡ್ ಮುಂಭಾಗದಿಂದ ಕಟಕಟ ಅಂತ ಬಂದರೆ ಕ್ಯಾಮ್ ವೇರಿಯೇಟರ್ (ವಾಲ್ವ್ ತೆರೆಯುವ ಸಮಯ ಬದಲಿಸುವ ಭಾಗ) ಸವೆದಿರಬಹುದು. ಅದು ದೊಡ್ಡ ಖರ್ಚು. ನೀವು ಹೋದಾಗಲೇ ಇಂಜಿನ್ ಬಿಸಿ ಇದ್ದರೆ ಕಾಫಿ ಕುಡಿದು ವಾಪಸ್ ಬನ್ನಿ.

ಡುಯೋಸೆಲೆಕ್ಟ್ ಗಾಡಿಗೆ ಡಯಾಗ್ನೊಸ್ಟಿಕ್ ಯಂತ್ರ ಹಾಕಿಸಿ. ಕ್ಲಚ್ ಎಷ್ಟು ಸವೆದಿದೆ ಅಂತ ಶೇಕಡಾ ಲೆಕ್ಕದಲ್ಲಿ ತೋರಿಸುತ್ತದೆ. ಇಷ್ಟು ಅಗ್ಗ ಅಂದರೆ ಆ ನಂಬರ್ ಚೆನ್ನಾಗಿರಲಿಕ್ಕಿಲ್ಲ. ಕ್ಲಚ್ ಬದಲಾವಣೆ ಖರ್ಚು ಬೆಲೆಯಲ್ಲಿ ಕಡಿಸಿ, ಆಮೇಲೆ ಮಾತಾಡಿ.

ಡೆಟ್ರಾಯಿಟ್_ಡೈರಿ

ಸ್ಕೈಹುಕ್ ಡ್ಯಾಂಪರ್ (ಎಲೆಕ್ಟ್ರಾನಿಕ್ ಶಾಕ್ ಅಬ್ಸಾರ್ಬರ್) ಸೋರುತ್ತಿದೆಯಾ ಅಂತ ಚಕ್ರದ ಹಿಂದೆ ಟಾರ್ಚ್ ಹಾಕಿ ನೋಡಿ. ನಾಲ್ಕೂ ಬದಲಿಸಬೇಕಾದರೆ ಇಟಲಿ ಪ್ರವಾಸ ಕ್ಯಾನ್ಸಲ್. ಬಟನ್‌ಗಳನ್ನು ಒಂದೊಂದಾಗಿ ಒತ್ತಿ, ಅಂಟುತ್ತವಾ ನೋಡಿ.

ಟೊರಿನೊ_ಕನ್ನಡಿಗ

ಯಾವುದು ತಗೊಂಡರೂ ಮೊದಲ ಪ್ರವಾಸ ಮಸೆರಾಟಿಯ ಊರು ಮೋಡೆನಾಕ್ಕೆ ಇಟ್ಟುಕೊಳ್ಳಿ. ಬ್ರೆನ್ನರ್‌ನಿಂದ ಎ22 ಹೆದ್ದಾರಿ ನೇರವಾಗಿ ಅಲ್ಲಿಗೇ ಬಂದು ಮುಗಿಯುತ್ತದೆ. ಊರ ಹೊರಗೆ ಪನೀನಿ ಕುಟುಂಬದ ಮಸೆರಾಟಿ ಸಂಗ್ರಹ ಇದೆ. ಅದು ಇರೋದು ಒಂದು ಡೈರಿ ಫಾರ್ಮ್ ಒಳಗೆ. ಒಂದು ಕಡೆ ಹಸು, ಒಂದು ಕಡೆ ಪಾರ್ಮೆಸಾನ್ ಚೀಸ್ ಮಾಡುವ ಕೋಣೆ, ಇನ್ನೊಂದು ಕಡೆ ರೇಸ್ ಕಾರುಗಳು. ಮಕ್ಕಳಿಗೂ ಬೇಜಾರಾಗಲ್ಲ. ಹೋಗುವ ಮುಂಚೆ ಬುಕ್ ಮಾಡಿ.

ಮ್ಯೂನಿಕ್_ಮಂಜ

ಇದನ್ನು ಮನೆಯಲ್ಲಿ ಓದಿ ಹೇಳಿದೆ. ಚೀಸ್ ಅಂದ ತಕ್ಷಣ ಪಾರ್ಕಿಂಗ್ ಪ್ರಶ್ನೆ ಹಿಂದಕ್ಕೆ ಸರಿಯಿತು. ಸದ್ಯಕ್ಕೆ ನೀಲಿ ಕವರ್ ಕಡೆ ವಾಲಿದೀನಿ. ಆದರೆ ಕೆಂಪು ಕವರ್ ಗಾಡಿಯ ಕ್ಲಚ್ ನಂಬರ್ ನೋಡದೆ ಬಿಡಲ್ಲ.

ಹಳೇಗಾಡಿ_ಹುಚ್ಚ

ನೋಡಿದ ಮೇಲೆ ನಂಬರ್ ಇಲ್ಲೇ ಹಾಕಿ. 40ಕ್ಕಿಂತ ಕಡಿಮೆ ಸವೆದಿದ್ದರೆ ಕಣ್ಣು ಮುಚ್ಚಿ ಅದನ್ನೇ ತಗೊಳ್ಳಿ ಅಂತೀನಿ.

ಕೆಂಗೇರಿ_ಕ್ಲಚ್

ಕಣ್ಣು ಮುಚ್ಚಿ ಇಟಾಲಿಯನ್ ಕಾರು ತಗೊಳ್ಳಿ ಅಂತ ಹೇಳಿದ ಮೊದಲ ಮನುಷ್ಯ ನೀವೇ. ಆಟೋಮ್ಯಾಟಿಕ್, ಮಂಜಣ್ಣ. ಆಟೋಮ್ಯಾಟಿಕ್.